ಒಂದು ಬೀಡಿ ದೂರ: ನಿಮ್ಮದೇ ನಗೆಮಾತು ಕಟ್ಟುವುದು ಹೇಗೆ?

ಕಿಕ್ಕೇರಿ ಕಡೆಯಿಂದ ಗೋವಿಂದನಹಳ್ಳಿಯ ಪಂಚಲಿಂಗೇಶ್ವರ ಗುಡಿಗೆ ಹೊರಟಿದ್ದೆವು. ದಾರಿ ಕವಲೊಡೆಯುವ ಜಾಗದಲ್ಲಿ ಗೆಳೆಯ ಕಾರು ನಿಲ್ಲಿಸಿದ. ಕಟ್ಟೆಯ ಮೇಲೆ ಒಬ್ಬರು ತಾತ ಕೂತಿದ್ದರು.

"ಗುಡಿ ಇನ್ನೆಷ್ಟು ದೂರ ತಾತ?"

"ಇಲ್ಲೇ ಕಣಪ್ಪ. ಒಂದ್ ಬೀಡಿ ದೂರ."

"ಕಾರಲ್ಲಿ ಹೋದ್ರೆ?"

ತಾತ ಕಾರಿನೊಳಗೆ ಒಮ್ಮೆ ಇಣುಕಿ ನೋಡಿದರು. "ಕಾರೊಳಗೆ ಸೇದಕ್ ಬುಟ್ಟಾರಾ?"

ಅವರು ತಮಾಷೆ ಮಾಡುತ್ತಿರಲಿಲ್ಲ. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಹುಡುಕುತ್ತಿದ್ದರು. ಈ ಐದು ಸಾಲು ಮುಂದೆ ವೇದಿಕೆಯ ಮೇಲೆ ನನ್ನ ಎರಡು ನಿಮಿಷದ ಮಾತಾಯಿತು. ಹಾಗಾಗಲು ಮೂರು ತಿಂಗಳು ಹಿಡಿಯಿತು.

ಮಂಡ್ಯ ಸೀಮೆಯ ಕಾಲೇಜುಗಳಿಗೆ ಹೋದಾಗಲೆಲ್ಲ ಹಾಸ್ಯ ಮಾಡಬೇಕೆಂಬ ಆಸೆಯ ಹುಡುಗ ಹುಡುಗಿಯರು ಸಿಗುತ್ತಾರೆ. ಅವರು ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ: "ಸಾರ್, ಜೋಕು ಎಲ್ಲಿಂದ ತರೋದು?" ತರುವ ಅಭ್ಯಾಸವನ್ನು ಬಿಡುವುದೇ ಮೊದಲ ಹೆಜ್ಜೆ. ಮೊಬೈಲಿನಲ್ಲಿ ಹರಿದಾಡುವ ಜೋಕನ್ನು ನೀವು ಹೇಳುವ ಹೊತ್ತಿಗೆ ಮುಂದಿನ ಸಾಲಿನ ಹುಡುಗ ಅದರ ಕೊನೆಯನ್ನು ಕೂಗಿ ಹೇಳಿಬಿಡುತ್ತಾನೆ. ಗಣೇಶನ ಪೆಂಡಾಲಿನಲ್ಲಿ ನನಗೇ ಹಾಗಾಗಿದೆ. ಆ ಹುಡುಗನದು ತಪ್ಪಿರಲಿಲ್ಲ, ಆ ಮಾತು ನನ್ನದಾಗಿರಲಿಲ್ಲ.

ಹಿಂದಿನವರು ಎಲ್ಲಿ ನಿಂತರು?

ಒಬ್ಬನೇ ನಿಂತು ನಗಿಸುವ ಕಲೆ ನಮಗೆ ಹೊಸದಲ್ಲ. ಈ ಭಾಗದ ಮೂಡಲಪಾಯ ಯಕ್ಷಗಾನದಲ್ಲಿ ಹನುಮನಾಯಕ ಎಂಬ ಹಾಸ್ಯಗಾರನಿದ್ದಾನೆ. ರಾಜ ಕಿರೀಟ, ಭುಜಕೀರ್ತಿ ಹೊತ್ತು ಗ್ರಂಥದ ಕನ್ನಡದಲ್ಲಿ ಗರ್ಜಿಸುತ್ತಿದ್ದರೆ, ಇವನು ಪಕ್ಕದಲ್ಲೇ ನಿಂತು ಊರ ಮಾತಿನಲ್ಲಿ ಅದಕ್ಕೆ ಉತ್ತರ ಕೊಡುತ್ತಾನೆ. ಆ ಊರಿನ ಕೆರೆ, ಆ ವರ್ಷದ ಮಳೆ, ಎದುರಿಗೆ ಕೂತ ಗೌಡರು ಎಲ್ಲ ಅವನ ಮಾತಿನೊಳಗೆ ಬರುತ್ತಾರೆ. ಎಲ್ಲಾದರೂ ಆಟ ನಡೆದರೆ ಬೆಳತನಕ ಕೂತು ಅವನನ್ನೇ ನೋಡಿ. ಯಾವಾಗ ಬಾಯಿ ಹಾಕುತ್ತಾನೆ, ಯಾವಾಗ ಸುಮ್ಮನಿರುತ್ತಾನೆ ಎಂಬುದನ್ನು ಗಮನಿಸಿ. ಇದಕ್ಕಿಂತ ಒಳ್ಳೆಯ ಪಾಠಶಾಲೆ ನನಗೆ ಗೊತ್ತಿಲ್ಲ.

ದೊಡ್ಡವರೆಲ್ಲ ತಮ್ಮ ಕಾಲ ಕೆಳಗಿನ ನೆಲದಿಂದಲೇ ಮಾತು ತೆಗೆದವರು. ನಾಟಕಕಾರ ಕೈಲಾಸಂ (1884–1946) ತಮ್ಮ ಸುತ್ತಲಿನ ಮನೆಗಳಲ್ಲಿ ಕೇಳಿದ ಇಂಗ್ಲಿಷ್ ಬೆರೆತ ಕನ್ನಡವನ್ನು ಹಾಗೆಯೇ ರಂಗಕ್ಕೆ ತಂದರು. ಮಾಸ್ಟರ್ ಹಿರಣ್ಣಯ್ಯ (1934–2019) 'ಲಂಚಾವತಾರ'ವನ್ನು ವರ್ಷಗಟ್ಟಲೆ ಆಡಿದರೂ ಅದು ಹಳಸಲಿಲ್ಲ, ಅಂದಂದಿನ ಸುದ್ದಿ ಅಂದಂದಿನ ಆಟದೊಳಗೆ ಬರುತ್ತಿತ್ತು. ಗಂಗಾವತಿ ಪ್ರಾಣೇಶ್ ಅವರನ್ನು ಜನ ಬೀಚಿ ಪ್ರಾಣೇಶ್ ಎಂದೂ ಕರೆಯುತ್ತಾರೆ. ಹಾಸ್ಯ ಲೇಖಕ ಬೀಚಿಯವರ ಪ್ರಭಾವದಿಂದ ಬಂದ ಅವರು ನಿಂತಿದ್ದು ಮಾತ್ರ ಉತ್ತರ ಕರ್ನಾಟಕದ ತಮ್ಮ ಭಾಷೆಯ ಮೇಲೆ. ಗುರು ಇರಬಾರದು ಎಂದು ನಾನು ಹೇಳುವುದಿಲ್ಲ, ಗುರುವಿನ ಗಂಟಲನ್ನು ತಂದುಕೊಳ್ಳಬೇಡಿ ಅಷ್ಟೆ. ನಮ್ಮ ಪಕ್ಕದ ಉದಾಹರಣೆಯೇ ಇದೆ: ಟಿ.ವಿ.ಯ 'ಕಾಮಿಡಿ ಕಿಲಾಡಿಗಳು' ಮೊದಲ ಆವೃತ್ತಿ ಗೆದ್ದ ಶಿವರಾಜ್ ತಮ್ಮ ಹೆಸರಿನ ಜೊತೆಗೆ ಕೆ.ಆರ್. ಪೇಟೆಯನ್ನೇ ಹೊತ್ತು ನಡೆದರು. ಅವರದು ಜೊತೆಗಾರರೊಂದಿಗೆ ಆಡುವ ಪ್ರಹಸನ, ಒಂಟಿ ಮಾತಿಗಿಂತ ಬೇರೆ ಕಸುಬು. ಆದರೂ ಊರನ್ನು ಅಡಗಿಸದೆ ಮುಂದೆ ಬಂದದ್ದು ಇಲ್ಲಿಯ ಮಕ್ಕಳಿಗೆ ಧೈರ್ಯ ಕೊಟ್ಟಿದೆ.

ಕೇಳಿ, ಕೇಳಿದಂತೆ ಬರೆಯಿರಿ

ಜೇಬಿನಲ್ಲಿ ಹಿಡಿಸುವ ಒಂದು ಪುಸ್ತಕ ಇಟ್ಟುಕೊಳ್ಳಿ. ದಿನಕ್ಕೆ ಮೂರು ಸಂಗತಿ ಬರೆಯಿರಿ: ಇವತ್ತು ನಗು ತಂದದ್ದು, ಸಿಟ್ಟು ತಂದದ್ದು, ಅರ್ಥವಾಗದೆ ಉಳಿದದ್ದು. ಸಿಟ್ಟು ಮತ್ತು ಗೊಂದಲದಿಂದ ಹುಟ್ಟುವ ಹಾಸ್ಯವೇ ಗಟ್ಟಿ ಎಂಬುದು ನನ್ನ ಅನುಭವ. ನಾಲೆಗೆ ನೀರು ಬಿಡದ ವಾರ, ಆಲೆಮನೆಯಲ್ಲಿ ಬೆಲ್ಲದ ರೇಟಿನ ಜಗಳ, ಹುಡುಗಿ ಹುಡುಕಿ ಸೋತ ರೈತನ ಮಗ, ಬೀಗರೂಟದ ಪಂಕ್ತಿಯಲ್ಲಿ ಮುದ್ದೆ ಬಡಿಸುವವನ ದರ್ಬಾರು, ಇವೆಲ್ಲ ನಿಮ್ಮ ಸುತ್ತಲೇ ಇವೆ.

ಬರೆಯುವಾಗ ಸಾರಾಂಶ ಬೇಡ. ಆಡಿದ ಮಾತು ಹೇಗಿತ್ತೋ ಹಾಗೇ ಇಳಿಸಿ. "ಅವರು ನನ್ನನ್ನು ಗದರಿದರು" ಎಂದು ಬರೆದರೆ ಕೈಗೆ ಏನೂ ಉಳಿಯುವುದಿಲ್ಲ. "ಏನ್ಲಾ ಹಂಗ್ ನಿಂತಿದ್ದೀಯೆ, ಎತ್ತು ಕಳ್ಕಂಡೋನಂಗೆ" ಎಂದು ಬರೆದರೆ ಆಳು, ಅವನ ದನಿ, ಅವನ ಬದುಕು ಎಲ್ಲ ಬಂತು.

ಇನ್ನೊಂದು ಎಚ್ಚರ. ಮಂಡ್ಯ ಭಾಷೆ ಎಂದೊಡನೆ ಸಿನಿಮಾದಲ್ಲಿ ಮೀಸೆ ತಿರುವಿ ಅರಚುವ ಒಂದು ವೇಷವಿದೆ. ಅದನ್ನು ಆಡಬೇಡಿ. ನಮ್ಮ ತಾತಂದಿರು ಅರಚುವುದಿಲ್ಲ. ಎಲ್ಲಕ್ಕಿಂತ ಚೂಪಾದ ಮಾತನ್ನು ಎಲಡಿಕೆ ಮಡಿಸುತ್ತಾ ತಣ್ಣಗೆ ಹೇಳುತ್ತಾರೆ. ನಿಮ್ಮ ಅವ್ವ ಮನೆಯಲ್ಲಿ ಮಾತಾಡುವ ದನಿಯಲ್ಲೇ ವೇದಿಕೆಯ ಮೇಲೂ ಮಾತಾಡಿ ನೋಡಿ.

ಓದು ಬೇಕೇ ಎಂದು ಕೇಳುತ್ತಾರೆ. ಬೇಕು. ಇದೇ ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿ ನೂರು ದಾಟಿ ಬಾಳಿದ ಎ.ಎನ್. ಮೂರ್ತಿರಾಯರ ಲಲಿತ ಪ್ರಬಂಧಗಳನ್ನು ಓದಿ. ಸಣ್ಣದೊಂದು ವಿಷಯ ಹಿಡಿದು, ದನಿ ಏರಿಸದೆ, ಓದುಗನ ಹೆಗಲ ಮೇಲೆ ಕೈ ಹಾಕಿ ಎಷ್ಟು ದೂರ ನಡೆಯಬಹುದು ಎಂಬುದು ಅಲ್ಲಿ ತಿಳಿಯುತ್ತದೆ.

ಮಾತು ಕಟ್ಟುವ ಕೆಲಸ

ಈಗ ತಾತನ ಬೀಡಿಗೆ ಬರೋಣ. ಮೊದಲ ಸಲ ನಾನು ಬರೆದದ್ದು ಹೀಗೆ: "ನಮ್ಮ ಕಡೆ ದೂರವನ್ನು ಬೀಡಿಯಲ್ಲಿ ಅಳೆಯುತ್ತಾರೆ. ಒಮ್ಮೆ ನಾವು ಹೊಯ್ಸಳರ ಕಾಲದ ಗುಡಿ ನೋಡಲು ಹೋಗಿದ್ದೆವು..." ಮೊದಲ ವಾಕ್ಯದಲ್ಲೇ ಗುಟ್ಟು ಬಿಟ್ಟುಕೊಟ್ಟಿದ್ದೆ. ಆಮೇಲೆ ತಾತ ಬಾಯಿ ತೆರೆದಾಗ ಕೇಳುವವರಿಗೆ ಹೊಸದೇನಿತ್ತು? ಗುಡಿಯ ಇತಿಹಾಸವನ್ನೂ ಅರ್ಧ ನಿಮಿಷ ತುರುಕಿದ್ದೆ. ಎರಡನ್ನೂ ಹೊಡೆದುಹಾಕಿದೆ.

ಎರಡನೇ ಸಲ ಕೊನೆಯ ಸಾಲು ಕೆಟ್ಟಿತ್ತು. "ಕಾರೊಳಗೆ ಬೀಡಿ ಸೇದಕ್ಕೆ ನಿಮ್ಮ ಸ್ನೇಹಿತರು ಬಿಡ್ತಾರೇನಪ್ಪ?" ಎಂದು ಹೇಳುತ್ತಿದ್ದೆ. 'ಸೇದಕ್ಕೆ' ಎಂಬಲ್ಲೇ ಜನಕ್ಕೆ ಅರ್ಥವಾಗಿ ನಗು ಎದ್ದಿತ್ತು, ನಾನು ಇನ್ನೂ ಮಾತಾಡುತ್ತಲೇ ಇದ್ದೆ. ನನ್ನ ಬಾಲವೇ ಆ ನಗುವನ್ನು ತುಳಿದು ಹಾಕಿತು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ನಗು ಹುಟ್ಟುವ ಪದ ಅದಕ್ಕೂ ಮುಂಚೆ ಬಂದರೆ ಉಳಿದದ್ದು ಒಂದೇ ಉಸಿರಿನಲ್ಲಿ ಮುಗಿಯುವಷ್ಟು ಗಿಡ್ಡವಾಗಿರಬೇಕು. ಪದಗಳನ್ನು ಹಿಂದೆ ಮುಂದೆ ಮಾಡುವ ಸ್ವಾತಂತ್ರ್ಯವೂ ನಮ್ಮ ಭಾಷೆಯಲ್ಲಿದೆ. ಒಂದೇ ಸಾಲನ್ನು ನಾಲ್ಕು ರೀತಿ ಬರೆದು ಗಟ್ಟಿಯಾಗಿ ಓದಿ, ಕಿವಿ ಯಾವುದನ್ನು ಒಪ್ಪುತ್ತದೋ ಅದನ್ನು ಇಟ್ಟುಕೊಳ್ಳಿ.

ಕೊನೆಗೆ ತಾತ ಹೇಳಿದ ಸಾಲನ್ನೇ ಜೇಬಿನ ಪುಸ್ತಕದಲ್ಲಿ ಮತ್ತೆ ನೋಡಿದೆ: "ಕಾರೊಳಗೆ ಸೇದಕ್ ಬುಟ್ಟಾರಾ?" ಅದರಲ್ಲಿ 'ಬೀಡಿ' ಎಂಬ ಪದವೇ ಇರಲಿಲ್ಲ. ಕೇಳುವವರು ಆ ಬೀಡಿಯನ್ನು ತಾವೇ ತಂದು ಆ ಖಾಲಿ ಜಾಗದಲ್ಲಿ ಇಡಬೇಕು, ಇಟ್ಟ ಕ್ಷಣಕ್ಕೆ ನಗು. ನಾನು ಸುಧಾರಿಸಲು ಹೋಗಿ ತೆಗೆದಿದ್ದು ಆ ಖಾಲಿ ಜಾಗವನ್ನೇ. ಸೇರಿಸುವುದಕ್ಕಿಂತ ಬಿಡುವುದು ಕಷ್ಟದ ಕೆಲಸ.

ಇನ್ನು ನಗು ಯಾರ ಮೇಲೆ? ಇದನ್ನು ತೀರ್ಮಾನಿಸುವಲ್ಲೇ ನಿಮ್ಮ ಶೈಲಿ ಹುಟ್ಟುತ್ತದೆ. ಮೊದಮೊದಲು ಜನ ತಾತನ ಮೇಲೆ ನಗುತ್ತಿದ್ದರು, 'ಹಳ್ಳಿ ಮುದುಕ, ಕಿಲೋಮೀಟರ್ ಗೊತ್ತಿಲ್ಲ' ಎಂಬಂತೆ. ನನಗೆ ಸಂಕಟವಾಯಿತು. ಅವರ ಅಳತೆ ಕರಾರುವಾಕ್ಕಾಗಿತ್ತು, ದಾರಿ ತಪ್ಪಿದವರು ನಾವು. ಹಾಗಾಗಿ ಶುರುವಿನಲ್ಲಿ ನಮ್ಮ ಮೊಬೈಲ್ ನಕಾಶೆಯನ್ನು ತಂದೆ, ಅದು ನಮ್ಮನ್ನು ಯಾರದೋ ಕಬ್ಬಿನ ಗದ್ದೆಯ ಬದುವಿಗೆ ತಂದು ನಿಲ್ಲಿಸಿ 'ಬಲಕ್ಕೆ ತಿರುಗಿ' ಎನ್ನುವುದನ್ನು ಸೇರಿಸಿದೆ. ಕೊನೆಗೆ ಒಂದು ಸಾಲು: "ನಮ್ಮ ಫೋನಿಗೆ ಸಿಗ್ನಲ್ ಇರಲಿಲ್ಲ, ತಾತನ ಹತ್ರ ಬೆಂಕಿಪೊಟ್ಟಣ ಇತ್ತು." ಅದೇ ಸಂಗತಿ, ಅದೇ ಮಾತು, ಆದರೆ ಗೆದ್ದವರು ತಾತ. ನಾನು ಯಾರ ಪಕ್ಕ ನಿಲ್ಲುತ್ತೇನೆ ಎಂಬುದು ಅಲ್ಲಿಂದ ನನಗೂ ಸ್ಪಷ್ಟವಾಯಿತು. ಜಾತಿ, ಮೈಬಣ್ಣ, ಅಂಗವೈಕಲ್ಯ, ಹೆಂಗಸರ ಮೈಕಟ್ಟು ಹಿಡಿದು ನಗಿಸುವುದು ಸುಲಭ. ಅದರಲ್ಲಿ ನಿಮ್ಮದೆಂಬುದು ಏನೂ ಇರುವುದಿಲ್ಲ, ಯಾರು ಹೇಳಿದರೂ ಅಷ್ಟೇ.

ಜನರ ಮುಂದೆ

ಕನ್ನಡಿ ಮುಂದೆ ಎಷ್ಟು ಹೇಳಿದರೂ ಪ್ರಯೋಜನ ಕಡಿಮೆ. ಐದು ನಿಮಿಷದ ಮಾತು ಸಿದ್ಧವಾದರೆ ಹೊರಡಿ. ಬೆಂಗಳೂರು, ಮೈಸೂರಿನ ಓಪನ್ ಮೈಕ್‌ಗಳಲ್ಲಿ ಹೊಸಬರಿಗೆ ಕೆಲವು ನಿಮಿಷ ಕೊಡುತ್ತಾರೆ. ಕನ್ನಡದಲ್ಲೇ ಸ್ಟ್ಯಾಂಡ್‌ಅಪ್ ಮಾಡುವ ಲೋಲ್‌ಬಾಗ್‌ನಂಥ ತಂಡಗಳು ಬಂದ ಮೇಲೆ ಅಲ್ಲಿ ಕನ್ನಡ ಕೇಳುವ ಕಿವಿಗಳೂ ಹೆಚ್ಚಿವೆ. ಅಮೆರಿಕದ ಕ್ರಿಸ್ ರಾಕ್ ಅಂಥ ಹೆಸರಾಂತ ಕಲಾವಿದರೂ ದೊಡ್ಡ ಪ್ರದರ್ಶನಕ್ಕೆ ಮುಂಚೆ ಸಣ್ಣ ಕ್ಲಬ್ಬುಗಳಲ್ಲಿ ಹೊಸ ಮಾತನ್ನು ಪರೀಕ್ಷಿಸುತ್ತಾರೆ.

ಆದರೆ ಊರಲ್ಲೂ ಆಡಿ. ಕಾಲೇಜಿನ ವಾರ್ಷಿಕೋತ್ಸವ, ರಾಜ್ಯೋತ್ಸವ, ಗಣೇಶೋತ್ಸವ, ಆರ್ಕೆಸ್ಟ್ರಾದವರು ವಾದ್ಯ ಜೋಡಿಸಿಕೊಳ್ಳುವ ಹೊತ್ತು, ಎಲ್ಲಿ ಐದು ನಿಮಿಷ ಸಿಕ್ಕರೂ ಬಿಡಬೇಡಿ. ಊರಿನ ವೇದಿಕೆಗೆ ಅದರದೇ ಲೆಕ್ಕವಿದೆ. ಮುಂದೆ ಮಕ್ಕಳು, ನಡುವೆ ಹೆಂಗಸರು, ಹಿಂದೆ ನಿಂತ ಗಂಡಸರು. ಹಾರ್ನ್ ಸ್ಪೀಕರ್ ಕಟ್ಟಿದ್ದರೆ ನಿಮ್ಮ ಮಾತು ಎದುರಿನ ಗೋಡೆಗೆ ಬಡಿದು ಮತ್ತೆ ಬರುತ್ತದೆ. ಬಡಬಡ ಹೇಳಿದರೆ ಹಿಂದಿನ ಪದ ಮುಂದಿನದನ್ನು ನುಂಗುತ್ತದೆ. ಸಾಲು ಮುಗಿಸಿ ಒಂದು ಉಸಿರು ನಿಲ್ಲಿ. ನಗು ಬಂದಾಗ ಅದು ಇಳಿಯಲು ಶುರುವಾಗುವ ತನಕ ಬಾಯಿ ತೆರೆಯಬೇಡಿ.

ಪ್ರತಿ ಸಲವೂ ಫೋನಿನಲ್ಲಿ ಧ್ವನಿಮುದ್ರಿಸಿ. ಮಾರನೇ ದಿನ ಬರೆದ ಪ್ರತಿ ಹಿಡಿದು ಕೇಳುತ್ತಾ ನಗು ಬಂದಲ್ಲಿ ಗೆರೆ, ಬಾರದಲ್ಲಿ ಸೊನ್ನೆ ಹಾಕಿ. ಒಂದೇ ಕಡೆ ಮೂರು ಊರಲ್ಲಿ ಸೊನ್ನೆ ಬಿದ್ದರೆ ಆ ಸಾಲನ್ನು ತೆಗೆಯಿರಿ, ಅದು ನಿಮಗೆ ಎಷ್ಟೇ ಪ್ರೀತಿಯದಾಗಿರಲಿ. ದಿನಾಂಕ ಹಾಕಿದ ಈ ಬರಹ ಮತ್ತು ಧ್ವನಿಮುದ್ರಣ ಇನ್ನೊಂದಕ್ಕೂ ಬೇಕು. 1957ರ ಹಕ್ಕುಸ್ವಾಮ್ಯ ಕಾಯ್ದೆ ಬರಿಯ ಆಲೋಚನೆಗೆ ರಕ್ಷಣೆ ಕೊಡುವುದಿಲ್ಲ, ನೀವು ಬರೆದಿಟ್ಟ ರೂಪಕ್ಕೆ ಕೊಡುತ್ತದೆ.

ಜನರ ಬಾಯಿಂದಲೂ ಮಾತು ಬರುತ್ತದೆ, ಕಿವಿ ತೆರೆದಿರಲಿ. ಒಂದೂರಿನಲ್ಲಿ ಬೀಡಿ ಪ್ರಸಂಗ ಮುಗಿಸಿ ಮುಂದಕ್ಕೆ ಹೋಗುವಷ್ಟರಲ್ಲಿ ನಡುವಿನ ಸಾಲಿನಿಂದ ಒಬ್ಬ ಅವ್ವ ಕೂಗಿ ಕೇಳಿದರು: "ಹಂಗಾರೆ ಹೆಂಗಸ್ರು ಹೋದ್ರೆ ಎಷ್ಟ್ ದೂರ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಪಕ್ಕದವರು ಕೊಟ್ಟರು: "ಒಂದ್ ಎಲಡಿಕೆ ದೂರ ಕಣಕ್ಕ." ಇಡೀ ಪೆಂಡಾಲು ಎದ್ದು ನಕ್ಕಿತು. ಆ ರಾತ್ರಿಯೇ ಅದನ್ನು ಬರೆದುಕೊಂಡೆ. ಈಗ ಆ ಪ್ರಸಂಗದಲ್ಲಿ ಗಂಡಸರ ಹಾದಿ, ಹೆಂಗಸರ ಹಾದಿ ಎರಡಿವೆ. ಗಂಡಸರು ಬೀಡಿ ಮುಗಿದ ಕಡೆ ಕೂರುತ್ತಾರೆ, ಹೆಂಗಸರು ಎಲಡಿಕೆ ಉಗಿದು ಮತ್ತೆ ನಡೆಯುತ್ತಾರೆ, ಯಾಕೆಂದರೆ ಮನೆಯಲ್ಲಿ ಹಸು ಕರೆಯಬೇಕು. ಇದನ್ನು ಹೇಳಿದಾಗ ನಡುವಿನ ಸಾಲುಗಳಿಂದ ಬರುವ ನಗುವಿನಲ್ಲಿ ಬೇರೆಯೇ ಒಂದು ದನಿ ಇರುತ್ತದೆ. ಹಾಗೆ ಊರು ಕೊಟ್ಟ ಮಾತನ್ನು ಹೇಳುವಾಗ, ಇದು ಇಂಥ ಕಡೆ ಒಬ್ಬ ಅವ್ವ ಕೊಟ್ಟದ್ದು ಎಂದು ಹೇಳಿಯೇ ಹೇಳುತ್ತೇನೆ.

ಹೆಸರು ಕೆತ್ತುವ ಮುನ್ನ

ತಾತ ಸಿಕ್ಕ ದಿನ ನಡೆದೇ ಗುಡಿ ತಲುಪಿದೆವು. 13ನೇ ಶತಮಾನದ ಹೊಯ್ಸಳ ಕಟ್ಟಡ, ಒಂದೇ ಸಾಲಿನಲ್ಲಿ ಐದು ಗರ್ಭಗುಡಿ. ಇಲ್ಲಿ ಕೆಲಸ ಮಾಡಿದ ರೂವಾರಿ ಮಲ್ಲಿತಮ್ಮ ಸೋಮನಾಥಪುರದಲ್ಲೂ ಕೆತ್ತಿದ್ದಾನೆ, ಅಲ್ಲಿ ಮೂರ್ತಿಗಳ ಕೆಳಗೆ ಅವನ ಹೆಸರಿದೆ. ಅವನಿಗೆ ಸಿಕ್ಕಿದ್ದು ಎಲ್ಲ ರೂವಾರಿಗಳಿಗೂ ಸಿಕ್ಕ ಬಳಪದ ಕಲ್ಲು, ಎಲ್ಲರೂ ಕೆತ್ತಿದ ದೇವರುಗಳು. ನಿಮಗೂ ಸಿಗುವುದು ಮದುವೆ, ಬಸ್ಸು, ಅತ್ತೆ, ಮಾವ ಎಂಬ ಹಳೆಯ ವಿಷಯಗಳೇ. ಹೊಸ ವಿಷಯ ಹುಡುಕುತ್ತಾ ವರ್ಷ ಕಳೆಯಬೇಡಿ. ಒಂದೇ ಹಳೆಯ ವಿಷಯದ ಮೇಲೆ ಹತ್ತು ಸಲ ಉಳಿ ಆಡಿಸಿ. ಹೀಗೆ ಆರೇಳು ಪ್ರಸಂಗ ಗಟ್ಟಿಯಾದರೆ ಇಪ್ಪತ್ತು ನಿಮಿಷದ ಕಾರ್ಯಕ್ರಮವಾಯಿತು. ಮೊದಲಿಗೆ ಎರಡನೆಯ ಅತ್ಯುತ್ತಮ ಪ್ರಸಂಗ, ಕೊನೆಗೆ ಎಲ್ಲಕ್ಕಿಂತ ಒಳ್ಳೆಯದು, ಹೊಸದಾಗಿ ಪರೀಕ್ಷಿಸುವುದು ನಡುವೆ.

ಗಣೇಶನ ಹಬ್ಬಕ್ಕೆ ಆಡುವ ಆಸೆಯಿದ್ದರೆ ಹದಿನೈದು ದಿನ ಮುಂಚೆಯೇ ಯುವಕ ಸಂಘದವರನ್ನು ಕಂಡು ಮಾತಾಡಿ. ರಾತ್ರಿ 10ರ ನಂತರ ಸಾಮಾನ್ಯವಾಗಿ ಧ್ವನಿವರ್ಧಕ ಹಾಕುವಂತಿಲ್ಲ. ಆರ್ಕೆಸ್ಟ್ರಾ ಮುಗಿದ ಮೇಲೆ ಎಂದು ಹೇಳಿದರೆ ಒಪ್ಪಬೇಡಿ, ಮಂಗಳಾರತಿ ಮುಗಿದ ಕೂಡಲೇ ಐದು ನಿಮಿಷ ಕೇಳಿ. ಪ್ರಸಾದ ಕೈಯಲ್ಲಿ ಹಿಡಿದು ಜನ ಇನ್ನೂ ಅಲ್ಲೇ ಕೂತಿರುತ್ತಾರೆ.