ಐಜದ ಸಂಶೋಧನ ವಿದ್ಯಾರ್ಥಿಗೊಂದು ಓಲೆ



ತೆಲಂಗಾಣದ ಐಜದಂಥ ಗಡಿಯೂರಿನಲ್ಲಿ ಮನೆಯೊಳಗೆ ಕನ್ನಡ, ಪೇಟೆಯಲ್ಲಿ ತೆಲುಗು ಆಡುತ್ತ ಬೆಳೆದು, ಪಿಎಚ್.ಡಿ.ಗೆಂದು ಹೈದರಾಬಾದಿಗೋ ಕಲಬುರಗಿಗೋ ಹೋದ ವಿದ್ಯಾರ್ಥಿಗೆ ಮೊಬೈಲನ್ನು ಬದಿಗಿಡಬೇಕೆಂದು ಹೇಳುವುದು ಸುಲಭವಾದರೂ ಅದು ಅರ್ಧ ತಿಳಿದವರ ಮಾತು. ಏಕೆಂದರೆ ಮಾರ್ಗದರ್ಶಕರ ಸೂಚನೆ, ಫೆಲೋಶಿಪ್ಪಿನ ಸುದ್ದಿ, ದೇಶದ ವಿಶ್ವವಿದ್ಯಾಲಯಗಳ ಪ್ರಬಂಧಗಳನ್ನು ಒಂದೆಡೆ ಕೂಡಿಟ್ಟಿರುವ ‘ಶೋಧಗಂಗಾ’ ಭಂಡಾರ, ಊರಿನಿಂದ ಬರುವ ತಾಯಿಯ ಕರೆ ಎಲ್ಲವೂ ಅದರಲ್ಲೇ ಇವೆ. ಆದ್ದರಿಂದ ಡಿಜಿಟಲ್ ಸ್ವಾಸ್ಥ್ಯ ಎಂದರೆ ಈ ಉಪಕರಣಗಳ ನಡುವೆಯೇ ಇದ್ದು ಗಮನ, ನಿದ್ರೆ, ನೆಮ್ಮದಿ ಕೆಡದಂತೆ ನೋಡಿಕೊಳ್ಳುವುದು ಎಂದೇ ತಿಳಿಯಬೇಕು.

ಐಜ, ಗದ್ವಾಲಗಳ ಮಗ್ಗಗಳಲ್ಲಿ ನೇಯುವ ಸೀರೆಗೆ ಒಡಲು ಹತ್ತಿಯದು, ಅಂಚು ರೇಷ್ಮೆಯದು. ಒಡಲಿಗೊಂದು, ಎರಡು ಅಂಚುಗಳಿಗೆ ಎರಡು ಹೀಗೆ ಮೂರು ಲಾಳಿಗಳು ಓಡುವಾಗ ಪ್ರತಿ ಹೊಕ್ಕಿನಲ್ಲೂ ಹತ್ತಿಯ ಎಳೆ ರೇಷ್ಮೆಯ ಎಳೆಯನ್ನು ಸಿಕ್ಕಿಸಿಕೊಳ್ಳಬೇಕು, ಆ ಕೊಂಡಿ ತಪ್ಪಿದ ಕಡೆ ಸೀಳು ಬಿಡುತ್ತದೆ. ಓದಿನಲ್ಲಿಯೂ ಇಂಥ ಸೀಳು ಬೀಳುತ್ತದೆ, ಆದರೆ ಅದು ಕಣ್ಣಿಗೆ ಕಾಣುವುದಿಲ್ಲ.

ಆಲಂಪುರದ ನವಬ್ರಹ್ಮ ದೇವಾಲಯಗಳು ಬಾದಾಮಿ ಚಾಲುಕ್ಯರ ಕಾಲದವು. ಉದಾಹರಣೆಗೆ, ಅಲ್ಲಿಯ ಶಾಸನವೊಂದರ ಚಿತ್ರವನ್ನು ಹಾಸ್ಟೆಲಿನ ಮೇಜಿನ ಮೇಲೆ ಹಿಗ್ಗಿಸಿಟ್ಟುಕೊಂಡು, ಅಕ್ಷರದ ಪಕ್ಕದಲ್ಲಿರುವುದು ಅನುಸ್ವಾರವೋ ಕಲ್ಲು ಸಿಡಿದ ಗುರುತೋ ಎಂದು ವಿದ್ಯಾರ್ಥಿ ತೂಗುತ್ತಿರುವಾಗಲೇ, ಸಹಪಾಠಿಯ ಲೇಖನ ಪ್ರಕಟವಾಯಿತೆಂಬ ವಾಟ್ಸ್ಆ್ಯಪ್ ಸಂದೇಶ ಬರುತ್ತದೆ. ಅಭಿನಂದನೆ ತಿಳಿಸಿ ಹಿಂದಿರುಗುವುದಕ್ಕೆ ಒಂದೇ ನಿಮಿಷ ಸಾಕು. ಆದರೆ ಆ ಚುಕ್ಕೆಯ ಬಗ್ಗೆ ಅನುಮಾನ ಹುಟ್ಟಿದ್ದೇಕೆ ಎಂಬುದು ಅಷ್ಟರಲ್ಲಿ ಮರೆತುಹೋಗಿ, ಅದರ ಜಾಗದಲ್ಲಿ ಹಿಂದೆ ಬಿದ್ದೆನೆಂಬ ಅಳುಕು ಕೂತಿರುತ್ತದೆ. ಮುಗಿಯದ ಕೆಲಸವನ್ನು ಬಿಟ್ಟು ಇನ್ನೊಂದಕ್ಕೆ ಹೋದಾಗ ಮನಸ್ಸಿನ ಒಂದು ಪಾಲು ಹಿಂದಿನದರಲ್ಲೇ ಉಳಿಯುವುದನ್ನು ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ‘ಗಮನದ ಶೇಷ’ ಎಂಬ ಅರ್ಥದ ಹೆಸರಿನಿಂದ ಗುರುತಿಸಿದರು. 2018ರಲ್ಲಿ ಥೆರೇಸಾ ಗ್ಲಾಂಬ್ ಅವರೊಡನೆ ನಡೆಸಿದ ಅಧ್ಯಯನದಲ್ಲಿ, ಏಳುವ ಮುನ್ನ ಕೆಲಸ ಎಲ್ಲಿ ನಿಂತಿತು, ಮರಳಿದಾಗ ಮೊದಲು ಏನು ಮಾಡಬೇಕು ಎಂದು ಬರೆದಿಟ್ಟರೆ ಆ ಶೇಷ ತಗ್ಗುತ್ತದೆಂದು ತೋರಿಸಿದರು. ಆದುದರಿಂದ ಮೇಜಿನ ಮೇಲೆ ಒಂದು ಕಾಗದದ ವಹಿ ಸದಾ ತೆರೆದಿರಲಿ, ಯಾರ ಕರೆ ಬಂದರೂ ಒಂದು ಸಾಲು ಗೀಚಿದ ಮೇಲೆಯೇ ಕೈ ಮೊಬೈಲಿಗೆ ಹೋಗಲಿ.

ಯುಜಿಸಿಯ 2022ರ ನಿಯಮಗಳು ಪಿಎಚ್.ಡಿ.ಗೆ ಕನಿಷ್ಠ 3, ಸಾಮಾನ್ಯವಾಗಿ ಗರಿಷ್ಠ 6 ವರ್ಷಗಳ ಅವಧಿ ಕೊಟ್ಟಿವೆ. ಅದು ಸರಿದುಹೋಗುತ್ತಿದೆ ಎಂಬ ಭಯವೇ ನಡುರಾತ್ರಿಯಲ್ಲಿ ಮತ್ತೆ ಮತ್ತೆ ಪರದೆ ಬೆಳಗಿಸುವಂತೆ ಮಾಡುತ್ತದೆ. ರಾತ್ರಿ ಹನ್ನೊಂದಕ್ಕೆ ತಿದ್ದುಪಡಿ ಕೇಳುವ ಮಾರ್ಗದರ್ಶಕರೂ ಈ ತಪ್ಪಿನಲ್ಲಿ ಪಾಲುದಾರರು, ಅವರಿಗೆ ಬೆಳಿಗ್ಗೆ ಉತ್ತರಿಸಿದರೆ ಅದು ಅವಿಧೇಯತೆಯಾಗದು. ಆದರೆ ನಿದ್ರೆ ವಾರಗಟ್ಟಲೆ ಬಾರದಿದ್ದರೆ ಅದನ್ನು ಓದಿನ ತಪಸ್ಸೆಂದು ಮುಚ್ಚಿಡದೆ ವೈದ್ಯರಿಗೆ ತಿಳಿಸಬೇಕು; ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416.

ರಜೆಯಲ್ಲಿ ಊರಿಗೆ ಬಂದಾಗ ಒಂದು ಮುಂಜಾನೆ ಆಲಂಪುರಕ್ಕೆ ಹೋಗಿ, ಓರೆಬಿಸಿಲು ಕಲ್ಲಿನ ಮೇಲೆ ಬೀಳುವ ಹೊತ್ತಿನಲ್ಲಿ, ಆ ಚುಕ್ಕೆಯನ್ನು ಬೆರಳಿನಿಂದ ಮುಟ್ಟಿ ನೋಡಿ ಬರಬೇಕು.

ಇತಿ,
ಐಜದ ಹಿತೈಷಿ ಹಿರಿಯರು