ಇರೋಣವೋ, ಹೋಗೋಣವೋ?

ಮೆಕ್ಕೆಜೋಳ ಮುರಿದಾಯ್ತು. ಶೇಂಗಾ ಕಿತ್ತಾಯ್ತು. ಹೊಲದಲ್ಲಿ ಕೆಲಸ ಇಲ್ಲ. ಹೊಸಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಕಡೆಯ ನಮಗೆಲ್ಲ ಈ ಕಾಲ ಗೊತ್ತು. ಇದು ಗುಳೆ ಹೋಗುವ ಕಾಲ. ಕೆಲವರು ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ಕೆಲವರು ಕಬ್ಬು ಕಡಿಯಲು, ಕೆಲವರು ಕಾಫಿ ತೋಟಕ್ಕೆ.

ಕೈಯಲ್ಲಿ ಕೆಲಸವೇ ಇಲ್ಲದವರು ಹೊರಟುಬಿಡುತ್ತಾರೆ. ಊರಲ್ಲೇ ಒಂದು ಕೆಲಸ ಇದ್ದವರಿಗೆ ಕಷ್ಟ. ಇದನ್ನು ಬಿಡೋದಾ, ಇಲ್ಲೇ ಇರೋದಾ?

ಒಂದು ಮನೆಯ ಲೆಕ್ಕ ನೋಡೋಣ. ಹೆಸರು ಬೇಡ. ನಿಮ್ಮ ಮನೆಯ ಅಂಕಿ ಬೇರೆ ಇರಬಹುದು.

ಗಂಡನಿಗೆ ಹೊಸಹಳ್ಳಿಯ ಅಂಗಡಿಯೊಂದರಲ್ಲಿ ಮೂಟೆ ಹೊರುವ ಕೆಲಸ. ತಿಂಗಳಿಗೆ 12,000 ರೂಪಾಯಿ. ಹೆಂಡತಿಗೆ ತಿಂಗಳಲ್ಲಿ 12 ದಿನ ಕೂಲಿ ಸಿಗುತ್ತದೆ. ದಿನಕ್ಕೆ 300. ಒಬ್ಬ ಮಗ, ಮೂರನೇ ಕ್ಲಾಸು. ಒಂದು ದಿನ ಮೇಸ್ತ್ರಿ ಬಂದ.

“ಬೆಂಗಳೂರಿಗೆ ಬರ್ರಿ. ನಿನಗ 800, ತಂಗಿಗೆ 600. ಈಗಲೇ 30,000 ಮುಂಗಡ ಕೊಡ್ತೀನಿ” ಅಂದ.

ಗಂಡ ಬೆರಳು ಎಣಿಸಿದ. “ದಿನಕ್ಕ 1,400. ತಿಂಗಳಿಗೆ 42,000!”

ಹೆಂಡತಿ ಸಂಜೆ ಶಾಲೆಯ ಸ್ಲೇಟು ತಂದಳು. “ಅಲ್ರೀ, ತಿಂಗಳು ಪೂರ್ತಿ ಕೆಲಸ ಇರ್ತೈತೇನು? ಮಳಿ ಬಂದರ? ಸಿಮೆಂಟು ಬರದಿದ್ದರ?” ಎಂದಳು. 22 ದಿನ ಎಂದು ಹಿಡಿದಳು. 30,800 ಬಂತು.

ಆಮೇಲೆ ಖರ್ಚು ಬರೆದಳು. ರೂಮಿಗೆ 4,000. ಊಟ, ಗ್ಯಾಸಿಗೆ 9,000. ಬಸ್ಸು, ಫೋನಿಗೆ 2,000. ಮಗ ಅಜ್ಜಿ ಹತ್ರ ಇದ್ದರೆ ಅವರಿಗೆ 4,000. ಮುಂಗಡದ ಮುರಿತ 5,000. ಒಟ್ಟು 24,000. ಉಳಿದದ್ದು 6,800.

ಇಲ್ಲಿಯ ಲೆಕ್ಕ? ಇಬ್ಬರದೂ ಸೇರಿ 15,600. ಖರ್ಚು 9,500. ಉಳಿಯೋದು 6,100.

ಗಂಡ ಸುಮ್ಮನೆ ಕೂತ. 700 ರೂಪಾಯಿ ಹೆಚ್ಚಿಗೆ, ಅದಕ್ಕೆ ಮಗನನ್ನು ಬಿಟ್ಟು ಹೋಗಬೇಕು.

ಆದರೆ ಲೆಕ್ಕ ಇಲ್ಲಿಗೇ ಮುಗಿಯಲಿಲ್ಲ. ಆರು ತಿಂಗಳಿಗೆ ಮುಂಗಡ ತೀರುತ್ತದೆ. ಆಮೇಲೆ ತಿಂಗಳಿಗೆ 11,800 ಉಳಿಯುತ್ತದೆ. ಮನೆಯಲ್ಲಿ ಬಡ್ಡಿ ಸಾಲ ಇದ್ದರೆ ಮುಂಗಡದಿಂದ ಅದನ್ನು ತೀರಿಸಬಹುದು. ಆದ್ದರಿಂದ ಗುಳೆ ಹೋಗುವುದೇ ತಪ್ಪು ಎಂದು ನಾವು ಹೇಳುವುದಿಲ್ಲ. ಹೋದವರಲ್ಲಿ ಮನೆ ಕಟ್ಟಿಸಿದವರೂ ಇದ್ದಾರೆ.

ನಮಗೆ ಹೆದರಿಕೆ ಇರುವುದು ಮುಂಗಡದ ಬಗ್ಗೆ. ಮುಂಗಡ ತಿಂದವರಿಗೆ ಕೆಲಸ ಸರಿ ಇಲ್ಲದಿದ್ದರೂ ಬಿಟ್ಟು ಬರಲು ಬಾಯಿ ಬರುವುದಿಲ್ಲ. ಲೆಕ್ಕ ಮೇಸ್ತ್ರಿಯ ಪುಸ್ತಕದಲ್ಲಿ ಇರುತ್ತದೆ. ಅದಕ್ಕೇ ನಮ್ಮ ಹತ್ರಾನೂ ಒಂದು ಪುಸ್ತಕ ಇರಬೇಕು. ಕೊಟ್ಟದ್ದು, ಮುರಿದದ್ದು, ಕೆಲಸ ಮಾಡಿದ ದಿನ, ಎಲ್ಲಾ ಬರೆಯಬೇಕು. ಸಾಲ ಕೊಟ್ಟಿದ್ದೇನೆ ಅಂತ ಯಾರನ್ನೂ ಕೂಡಿಹಾಕಿ ದುಡಿಸುವಂತಿಲ್ಲ. 1976ರ ಕಾನೂನು ಜೀತವನ್ನು ರದ್ದು ಮಾಡಿದೆ. ಹಾಗೇನಾದರೂ ಆದರೆ ಡಿ.ಸಿ. ಕಚೇರಿಗೆ ದೂರು ಕೊಡಬಹುದು.

ಇನ್ನೊಂದು ಮಾತು. ಒಂದೇ ಕೆಲಸಕ್ಕೆ ಗಂಡಸಿಗೆ 800, ಹೆಂಗಸಿಗೆ 600 ಯಾಕೆ? ಸಮಾನ ಕೂಲಿಯ ಕಾನೂನು ಬಂದದ್ದೂ 1976ರಲ್ಲೇ. ಇದನ್ನು ಮೇಸ್ತ್ರಿಗೆ ಕೇಳಿದವರು ಕಡಿಮೆ.

ಹೆಚ್ಚು ಕೂಲಿಯ ಕೆಲಸ ಎಷ್ಟು ದಿನ ಇರುತ್ತದೆ ಅನ್ನೋದನ್ನೂ ನೋಡಬೇಕು. ನಮ್ಮ ಕಡೆಯವರಿಗೆ ಗಣಿ ನೆನಪಿದೆ. ಊರ ಕೆಲಸ ಬಿಟ್ಟು ಸಂಡೂರು, ಹೊಸಪೇಟೆ ಕಡೆ ಹೋದವರು ಬಹಳ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಅದಿರು ಗಣಿಗಾರಿಕೆ ನಿಲ್ಲಿಸಿತು. ಲಾರಿಗಳು ನಿಂತವು. ಡ್ರೈವರು, ಕ್ಲೀನರುಗಳ ಕೈ ಖಾಲಿ ಆಯಿತು.

ಮಗನನ್ನು ಕರೆದುಕೊಂಡು ಹೋಗುವವರು ಶಾಲೆ ಬಿಡಿಸಬೇಕಿಲ್ಲ. 6ರಿಂದ 14 ವರ್ಷದ ಮಗುವಿಗೆ ಟಿ.ಸಿ. ತಡವಾದರೂ ಸರ್ಕಾರಿ ಶಾಲೆ ಸೇರಿಸಿಕೊಳ್ಳಬೇಕು. 2009ರ ಶಿಕ್ಷಣ ಹಕ್ಕು ಕಾನೂನು ಹಾಗೆ ಹೇಳುತ್ತದೆ.

ಆ ಮನೆಯಲ್ಲಿ ರಾತ್ರಿ ಬಹಳ ಹೊತ್ತು ಮಾತು ನಡೆಯಿತು. ಬೆಳಿಗ್ಗೆ ಗಂಡ ಅಂಗಡಿ ಸಾಹುಕಾರರ ಹತ್ರ ಹೋದ. “ಒಂದು ತಿಂಗಳು ರಜಾ ಕೊಡ್ರಿ. ಬೆಂಗಳೂರು ನೋಡಿ ಬರ್ತೀನಿ. ಇಲ್ಲಾಂದ್ರ ಪಗಾರ ಸ್ವಲ್ಪ ಏರಿಸ್ರಿ” ಎಂದ. ಸಾಹುಕಾರರು ಯೋಚಿಸಿ, “ಹೋಗಿ ಬಾ. ಒಂದು ತಿಂಗಳು ನಿನ್ನ ಜಾಗ ಹಿಡಿದಿರ್ತೀನಿ. ಪಗಾರದ ಮಾತು ಬಂದ ಮೇಲೆ” ಎಂದರು.

ಸೋಮವಾರ ಮೇಸ್ತ್ರಿ ಮತ್ತೆ ಬಂದ. ಹೆಂಡತಿಯೇ ಮಾತಾಡಿದಳು.

“ಅಣ್ಣಾ, ಸದ್ಯ ಇವರೊಬ್ಬರೇ ಬರ್ತಾರ. ಮುಂಗಡ ಬ್ಯಾಡ. ವಾರದ ಕೂಲಿ ವಾರಕ್ಕ ಕೊಡಬೇಕು.”

ಮೇಸ್ತ್ರಿಗೆ ಅದು ಹಿಡಿಸಲಿಲ್ಲ. ನಾಳೆ ಹೇಳ್ತೀನಿ ಎಂದು ಎದ್ದು ಹೋದ.