ಅಭಿಯೋಜಕಳಾಗಹೊರಟ ಮಗಳಿಗೆ

ರಾಜಾಜಿನಗರ, ಬೆಂಗಳೂರು

 

ಸೆಷನ್ಸ್ ನ್ಯಾಯಾಲಯದಲ್ಲಿ ಸರ್ಕಾರಿ ಅಭಿಯೋಜಕರ ಸ್ಥಾನಕ್ಕೆ ಅರ್ಜಿ ಹಾಕಬೇಕೆಂದಿರುವೆನೆಂದೂ, ಅರ್ಜಿಯೊಡನೆ ಯಾರಾದರೊಬ್ಬ ಶಾಸಕರ ಪತ್ರವಿದ್ದರೆ ಕೆಲಸ ಸುಗಮವಾದೀತೆಂದು ಹಿತೈಷಿಗಳು ಹೇಳುತ್ತಿರುವರೆಂದೂ ಬರೆದಿರುವೆ. ಅಮೆರಿಕದಲ್ಲಾದರೆ ಈ ಹುದ್ದೆಗೆ ಜನರೇ ಮತ ಕೊಡುತ್ತಾರಂತೆ, ಇಲ್ಲಿಯೂ ಹಾಗಿದ್ದರೆ ಅತ್ತಿಗುಪ್ಪೆಯಿಂದ ಕೆಂಗೇರಿಯವರೆಗೆ ಮನೆಮನೆಯ ಬಾಗಿಲಲ್ಲಿ ನಿಂತು ಮತ ಕೇಳಿಬಿಡುತ್ತಿದ್ದೆ, ಒಬ್ಬರ ಮನೆಯ ಜಗಲಿಯಲ್ಲಿ ಕಾಯುವುದಕ್ಕಿಂತ ಅದೇ ಮೇಲು ಎಂದೂ ಸೇರಿಸಿರುವೆ. ಆ ಕೊನೆಯ ಮಾತಿನಲ್ಲಿ ಸಿಟ್ಟೂ ಇದೆ, ಸತ್ಯಾಂಶವೂ ಇದೆ. ಆದುದರಿಂದ ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ.

ಅಭಿಯೋಜಕನನ್ನು ಜನರೇ ಆರಿಸುವ ಪದ್ಧತಿಯನ್ನು ಆ ದೇಶದಲ್ಲಿ ಮೊದಲು ತಂದದ್ದು ಮಿಸಿಸಿಪ್ಪಿ ಸಂಸ್ಥಾನ, 1832ರಲ್ಲಿ. ಕ್ರಮೇಣ ಬಹುತೇಕ ಸಂಸ್ಥಾನಗಳು ಅದೇ ಹಾದಿ ಹಿಡಿದವು. ಅಧಿಕಾರಾರೂಢರು ತಮ್ಮವರಿಗೆ ಹುದ್ದೆಗಳನ್ನು ಹಂಚುವ ಕೆಟ್ಟ ಚಾಳಿಗೆ ಇದೊಂದು ಮದ್ದೆಂದು ಆ ಕಾಲದವರು ನಂಬಿದ್ದರು. ಮದ್ದಿಗೂ ತನ್ನದೇ ಆದ ನಂಜುಂಟು. ತಮಿಳು ತಾಯಿಯ ಮಗಳಾದ ಕಮಲಾ ಹ್ಯಾರಿಸ್ 2003ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ನಗರದ ಜಿಲ್ಲಾ ಅಭಿಯೋಜಕಿಯ ಸ್ಥಾನಕ್ಕೆ ಸ್ಪರ್ಧಿಸಿದಾಗ, ತಾನು ಮರಣದಂಡನೆಯನ್ನು ಕೇಳಲಾರೆನೆಂದು ಮತದಾರರಿಗೆ ಮಾತು ಕೊಟ್ಟಿದ್ದರು. ಗೆದ್ದು ಅಧಿಕಾರ ವಹಿಸಿಕೊಂಡ ಕೆಲವೇ ತಿಂಗಳುಗಳಲ್ಲಿ, 2004ರ ಏಪ್ರಿಲಿನಲ್ಲಿ, ಕರ್ತವ್ಯನಿರತ ತರುಣ ಪೊಲೀಸನೊಬ್ಬ ಗುಂಡಿಗೆ ಬಲಿಯಾದ. ಪೊಲೀಸರೂ ಹಿರಿಯ ರಾಜಕಾರಣಿಗಳೂ ಗಲ್ಲು ಬೇಕೆಂದು ಒತ್ತಾಯಿಸಿದರೂ ಆಕೆ ಮಾತಿಗೆ ತಪ್ಪಲಿಲ್ಲ. ಅಪರಾಧಿಗೆ ಕೊನೆಗೆ ಆಜೀವ ಕಾರಾಗೃಹವಾಸವೇ ವಿಧಿಸಲ್ಪಟ್ಟಿತು. ಆಕೆಯ ಧೈರ್ಯವನ್ನು ನಾನು ಮೆಚ್ಚುತ್ತೇನೆ. ಗಲ್ಲಿನ ವಿಷಯದಲ್ಲಿ ನನ್ನ ಅಭಿಪ್ರಾಯವೂ ಬೇರೆಯಲ್ಲ. ಆದರೆ ಕೊಲೆ ನಡೆಯುವುದಕ್ಕೆ ಮುನ್ನವೇ, ಕೊಂದವನಾರು, ಕೊಲೆಗೀಡಾದವನಾರು, ಸಾಕ್ಷ್ಯವೆಂಥದು ಎಂಬುದೊಂದೂ ಹುಟ್ಟಿರದಿದ್ದ ಕಾಲದಲ್ಲೇ, ಆ ಮೊಕದ್ದಮೆಯ ಒಂದು ಭಾಗ ಚುನಾವಣಾ ವೇದಿಕೆಯ ಮೇಲೆ ತೀರ್ಮಾನವಾಗಿಹೋಗಿತ್ತೆಂಬುದು ನನ್ನ ಮನಸ್ಸಿಗೆ ಒಗ್ಗದು. ಒಬ್ಬಾಕೆ ದಯೆಯನ್ನು ಮೊದಲೇ ವಾಗ್ದಾನ ಮಾಡಬಹುದಾದಲ್ಲಿ ಇನ್ನೊಬ್ಬಾತ ಕ್ರೌರ್ಯವನ್ನು ವಾಗ್ದಾನ ಮಾಡಿ ಮತ ಗಳಿಸುವುದನ್ನು ತಡೆಯುವವರಾರು?

ಹಾಗೆಂದು ನಮ್ಮ ಪದ್ಧತಿಯನ್ನು ಹೊಗಳಹೊರಟೆನೆಂದು ತಿಳಿಯಬೇಡ. ಕಾನೂನಿನ ಅಕ್ಷರವೇನೋ ಚೆನ್ನಾಗಿದೆ. 1973ರ ದಂಡ ಪ್ರಕ್ರಿಯಾ ಸಂಹಿತೆಯ 24ನೆಯ ಪ್ರಕರಣದಲ್ಲಿದ್ದುದೇ ಈಗ, 2024ರ ಜುಲೈ 1ರಿಂದ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 18ನೆಯ ಪ್ರಕರಣವಾಗಿ ಕುಳಿತಿದೆ: ಕನಿಷ್ಠ 7 ವರ್ಷಗಳ ವಕೀಲವೃತ್ತಿ ಇರಬೇಕು, ಜಿಲ್ಲಾ ದಂಡಾಧಿಕಾರಿಯು ಸೆಷನ್ಸ್ ನ್ಯಾಯಾಧೀಶರೊಡನೆ ಸಮಾಲೋಚಿಸಿ ಅರ್ಹರ ಪಟ್ಟಿ ಸಿದ್ಧಪಡಿಸಬೇಕು, ಅಭಿಯೋಜಕರ ಸೇವಾವರ್ಗವಿರುವಲ್ಲಿ ಅದರಿಂದಲೇ ಆರಿಸಬೇಕು. ಆದರೆ ಪಟ್ಟಿಗೂ ನೇಮಕಕ್ಕೂ ನಡುವೆ ವಿಧಾನಸೌಧದ ಮೆಟ್ಟಿಲುಗಳಿವೆಯೆಂಬುದನ್ನು ನಿನಗೆ ನಾನು ಹೇಳಬೇಕಾಗಿಲ್ಲ. ಉತ್ತರಪ್ರದೇಶದಲ್ಲಿ 1990ರ ಫೆಬ್ರವರಿಯಲ್ಲಿ ಒಂದೇ ಸುತ್ತೋಲೆಯಿಂದ ಎಲ್ಲ ಜಿಲ್ಲೆಗಳ ಸರ್ಕಾರಿ ವಕೀಲರನ್ನೂ ಒಟ್ಟಿಗೆ ಕಳಚಿಹಾಕಿದ್ದರು. ಶ್ರೀಲೇಖಾ ವಿದ್ಯಾರ್ಥಿ ಎಂಬಾಕೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ಮೇಲೆಯೇ ಅದು ಸ್ವೇಚ್ಛಾಚಾರವೆಂದು ರದ್ದಾಯಿತು. ಅಮೆರಿಕದಲ್ಲಿ ಮತದಾರರು ಲಕ್ಷ ಮಂದಿ, ಇಲ್ಲಿ ಇಬ್ಬರೋ ಮೂವರೋ. ಇಷ್ಟೇ ವ್ಯತ್ಯಾಸವೆಂದು ನೀನು ಗೇಲಿ ಮಾಡಿದರೆ ನನ್ನಲ್ಲಿ ಥಟ್ಟನೆ ಉತ್ತರವಿಲ್ಲ.

ನೇಮಿಸುವ ಕೈ ಯಾವುದೆಂಬ ಪ್ರಶ್ನೆ ಎಷ್ಟು ಗಹನವೆಂಬುದನ್ನು ನಮ್ಮ ಊರಿನಲ್ಲೇ ನಾವು ನೋಡಿದೆವು. ಅಂದಿನ ತಮಿಳುನಾಡು ಮುಖ್ಯಮಂತ್ರಿ ಜಯಲಲಿತಾ ಅವರ ಮೇಲಿನ ಅಕ್ರಮ ಆಸ್ತಿಯ ಮೊಕದ್ದಮೆಯನ್ನು ಸರ್ವೋಚ್ಚ ನ್ಯಾಯಾಲಯವು 2003ರ ನವೆಂಬರಿನಲ್ಲಿ ಬೆಂಗಳೂರಿಗೆ ವರ್ಗಾಯಿಸಿದ್ದರ ಮರ್ಮವೇ, ಆರೋಪಿಯು ಮುಖ್ಯಮಂತ್ರಿಯಾಗಿರುವ ರಾಜ್ಯದ ಅಭಿಯೋಜಕನು ಆ ಆರೋಪಿಯನ್ನು ಎದುರಿಸಲಾರನೆಂಬುದು. ಕರ್ನಾಟಕದ ಪರವಾಗಿ ಆ ಭಾರವನ್ನು ಹೊತ್ತವರು ಉಡುಪಿಯ ಕಡೆಯಿಂದ ಬಂದ ಬಿ. ವಿ. ಆಚಾರ್ಯರು, ಐದು ಬಾರಿ ರಾಜ್ಯದ ಅಡ್ವೊಕೇಟ್ ಜನರಲ್ ಆಗಿದ್ದವರು. ಅಡ್ವೊಕೇಟ್ ಜನರಲ್, ಈ ಮೊಕದ್ದಮೆಯ ಅಭಿಯೋಜಕ ಎಂಬ ಎರಡು ಹುದ್ದೆಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗಿ ಬಂದಾಗ, 2012ರ ಫೆಬ್ರವರಿಯಲ್ಲಿ ಅವರು ಬಿಟ್ಟುಕೊಟ್ಟದ್ದು ಅಡ್ವೊಕೇಟ್ ಜನರಲ್ ಪದವಿಯನ್ನು, ಉಳಿಸಿಕೊಂಡದ್ದು ಮೊಕದ್ದಮೆಯನ್ನು. ಅದೇ ವರ್ಷದ ಆಗಸ್ಟಿನಲ್ಲಿ ಅದನ್ನೂ ತ್ಯಜಿಸಿದರು. 2014ರ ಸೆಪ್ಟೆಂಬರ್ 27ರಂದು ಪರಪ್ಪನ ಅಗ್ರಹಾರದಲ್ಲಿ ನ್ಯಾಯಾಧೀಶ ಡಿ'ಕುನ್ಹಾ ಅವರಿಂದ ಶಿಕ್ಷೆಯಾಯಿತು. ಮೇಲ್ಮನವಿಯಲ್ಲಿ ಅಭಿಯೋಜಕರಾಗಿ ನಿಂತವರ ನೇಮಕ ತಮಿಳುನಾಡು ಸರ್ಕಾರದ್ದಾಗಿತ್ತು. ಹಾಗೆ ನೇಮಿಸುವ ಅಧಿಕಾರ ಅದಕ್ಕಿಲ್ಲವೆಂದು 2015ರ ಏಪ್ರಿಲ್ 27ರಂದು ಸರ್ವೋಚ್ಚ ನ್ಯಾಯಾಲಯ ಹೇಳುವ ಹೊತ್ತಿಗೆ ವಾದವೆಲ್ಲ ಮುಗಿದುಹೋಗಿತ್ತು. ಎಂಬತ್ತರ ಹರೆಯದ ಆಚಾರ್ಯರು ಮತ್ತೆ ಬಂದು ಒಂದೇ ದಿನದ ಅವಧಿಯಲ್ಲಿ ಲಿಖಿತ ವಾದವನ್ನು ಸಲ್ಲಿಸಿದರು. ಮೇ 11ರಂದು ಹೈಕೋರ್ಟಿನಲ್ಲಿ ಬಿಡುಗಡೆಯಾಯಿತು. 2017ರ ಫೆಬ್ರವರಿ 14ರಂದು ಸರ್ವೋಚ್ಚ ನ್ಯಾಯಾಲಯ ಮೊದಲಿನ ತೀರ್ಪನ್ನೇ ಎತ್ತಿಹಿಡಿಯಿತು. ಈ ವೃತ್ತಾಂತದಲ್ಲಿ ನಿನ್ನ ಲಕ್ಷ್ಯಕ್ಕೆ ಬೀಳಬೇಕಾದುದು ಜಯಾಪಜಯಗಳಲ್ಲ. ದೊಡ್ಡ ಪದವಿಯನ್ನು ಕೆಳಗಿಟ್ಟು ಚಿಕ್ಕದನ್ನು ಕೈಯಲ್ಲಿ ಹಿಡಿದ ಆ 2012ರ ಫೆಬ್ರವರಿ.

ಇನ್ನು ನನ್ನ ವಿಷಯ. ನಾನು ಮ್ಯಾಜಿಸ್ಟ್ರೇಟರ ನ್ಯಾಯಾಲಯದಲ್ಲಿ ಸಹಾಯಕ ಅಭಿಯೋಜಕನಾಗಿದ್ದ ಮೊದಲ ವರ್ಷಗಳಲ್ಲಿ, ಇಲ್ಲಿನ ಕೈಗಾರಿಕಾ ಬಡಾವಣೆಯ ಚಿಕ್ಕ ಕಾರ್ಖಾನೆಯೊಂದರಿಂದ ತಾಮ್ರದ ತಂತಿ ಕಳುವಾದ ಮೊಕದ್ದಮೆಯೊಂದು ಬಂದಿತ್ತು. ಆರೋಪಿ ಅಲ್ಲಿಯೇ ಹಿಂದೆ ದುಡಿಯುತ್ತಿದ್ದವನು. ಮಹಜರು ಅಚ್ಚುಕಟ್ಟಾಗಿತ್ತು, ಪಂಚರು ಗಟ್ಟಿಯಾಗಿದ್ದರು. ಕಡತದ ತಳದಲ್ಲಿ, ದೋಷಾರೋಪಣಾ ಪಟ್ಟಿಗೆ ಸೇರಿಸದ ಒಂದು ಹಾಳೆ ನನ್ನ ಕಣ್ಣಿಗೆ ಬಿತ್ತು: ಕಳುವಾದ ರಾತ್ರಿ ಆತ ಮಾಗಡಿ ರಸ್ತೆಯ ಇನ್ನೊಂದು ಕಾರ್ಖಾನೆಯಲ್ಲಿ ರಾತ್ರಿಪಾಳಿಗೆ ಬಂದು, ಬೆಳಗಿನವರೆಗೆ ಇದ್ದನೆಂಬ ಹಾಜರಿ ಪುಸ್ತಕದ ನಕಲು. ಅದನ್ನು ನಾನು ನ್ಯಾಯಾಲಯದ ಮುಂದಿಟ್ಟೆ, ಆತ ಬಿಡುಗಡೆಯಾದ. ಈ ಕಥೆಯನ್ನು ಇಷ್ಟಕ್ಕೇ ನಿಲ್ಲಿಸಿ ನಾನು ಅನೇಕರಿಂದ ಪ್ರಶಂಸೆ ಪಡೆದಿದ್ದೇನೆ. ಹೇಳದೆ ಬಿಟ್ಟದ್ದೇನೆಂದರೆ, ಹಾಳೆಯನ್ನು ಕಂಡ ದಿನಕ್ಕೂ ಮುಂದಿಟ್ಟ ದಿನಕ್ಕೂ ನಡುವೆ ಎರಡು ವಾಯಿದೆಗಳು ಕಳೆದಿದ್ದವು, ಅಷ್ಟು ಕಾಲವೂ ಆತ ಸೆರೆಮನೆಯಲ್ಲಿದ್ದ. ನನಗೆ ಯಾರೂ ಫೋನು ಮಾಡಿರಲಿಲ್ಲ, ಯಾವ ಶಾಸಕರ ಋಣವೂ ಇರಲಿಲ್ಲ, ಮತ ಹಾಕುವವರಂತೂ ಇರಲೇ ಇಲ್ಲ; ಆ ತಿಂಗಳು ಎಷ್ಟು ಶಿಕ್ಷೆ ಕೊಡಿಸಿದೆನೆಂಬ ಲೆಕ್ಕವೊಂದು ನನ್ನ ತಲೆಯಲ್ಲಿತ್ತು, ಅಷ್ಟೆ. ಆತನ ಹೆಂಡತಿ ಒಂದು ವಾಯಿದೆಯ ದಿನ ನ್ಯಾಯಾಲಯದ ಹೊರಗೆ ನನಗೆ ಕೈಮುಗಿದಿದ್ದಳು.

ಆದುದರಿಂದ ಚುನಾವಣೆಯೋ ನೇಮಕವೋ ಎಂಬ ಚರ್ಚೆಯಲ್ಲಿ ಬಹಳ ಹೊತ್ತು ಕಳೆಯಬೇಡ. ಆ ಸ್ಥಾನದಲ್ಲಿ ಕುಳಿತಮೇಲೆ, ಒಂದಲ್ಲ ಒಂದು ದಿನ, ಮೊಕದ್ದಮೆಯನ್ನು ಹಿಂತೆಗೆದುಕೊಳ್ಳಬೇಕೆಂಬ ಸರ್ಕಾರಿ ಆದೇಶದ ಪ್ರತಿ ನಿನ್ನ ಮೇಜಿಗೆ ಬರುತ್ತದೆ. ಹಳೆಯ ಸಂಹಿತೆಯ 321ನೆಯ, ಈಗಿನ 360ನೆಯ ಪ್ರಕರಣವು ಅರ್ಜಿ ಹಾಕುವ ಅಧಿಕಾರವನ್ನು ಕೊಟ್ಟಿರುವುದು ಮಂತ್ರಿಗಲ್ಲ, ನಿನಗೆ; ಅದಕ್ಕೆ ನ್ಯಾಯಾಲಯದ ಸಮ್ಮತಿ ಬೇಕು, ಹೊಸ ಕಾನೂನಿನಂತೆ ನೊಂದವರ ಅಹವಾಲನ್ನೂ ಕೇಳಬೇಕು. ಅಂದು ನೀನು ಕಡತವನ್ನು ಮೊದಲಿನಿಂದ ಕೊನೆಯವರೆಗೆ ನೀನೇ ಓದಿ, ನಿನ್ನ ಬುದ್ಧಿಗೆ ಸರಿಯೆಂದು ಕಂಡರೆ ಮಾತ್ರ ಸಹಿ ಹಾಕಬೇಕು, ಕಾಣದಿದ್ದರೆ ಹಿಂದಿರುಗಿಸಬೇಕು. ಹಾಗೆ ಹಿಂದಿರುಗಿಸುವಾಗ, ನಿನ್ನ ನೇಮಕದ ಕಡತದಲ್ಲಿ ಯಾರದೋ ಪತ್ರವೊಂದು ಲಗತ್ತಾಗಿದ್ದರೆ ಕೈ ನಡುಗದಿರುವುದು ಕಷ್ಟ.

ಅರ್ಜಿಯನ್ನು ಖಂಡಿತ ಹಾಕು. ನೀನು ನಡೆಸಿದ ಮೊಕದ್ದಮೆಗಳ ತೀರ್ಪಿನ ಪ್ರತಿಗಳನ್ನು ಸೇರಿಸು, ಸೋತವುಗಳನ್ನೂ ಸೇರಿಸು. ಭಾನುವಾರ ಬೆಳಗ್ಗೆ ಬಂದರೆ ಕರಡನ್ನು ನಾನು ಒಮ್ಮೆ ನೋಡಿಕೊಡುತ್ತೇನೆ. ಶಾಸಕರ ಪತ್ರವನ್ನು ಮಾತ್ರ ತರಿಸಬೇಡ. ಈಗಾಗಲೇ ತರಿಸಿದ್ದರೆ ಮನೆಯಲ್ಲೇ ಬಿಟ್ಟು ಬಾ.